ನವರಂಗ ಪಕ್ಷಿ: ರೂಪ, ವ್ಯಾಪ್ತಿ ಮತ್ತು ವಲಸೆಯ ಜೀವನಕ್ರಮ

ಭಾರತ ಉಪಖಂಡದ ಕಾಡುಹಕ್ಕಿಗಳ ಪೈಕಿ ನವರಂಗದಷ್ಟು ವರ್ಣಸಮೃದ್ಧವಾಗಿದ್ದೂ ಅದರಷ್ಟು ಮರೆಯಲ್ಲಿ ಬದುಕುವ ಹಕ್ಕಿಗಳು ಹೆಚ್ಚಿಲ್ಲ. ಪೊದೆಗಳ ನೆರಳಿನಲ್ಲಿ, ತರಗೆಲೆಗಳ ಮೇಲೆ, ನೆಲಕ್ಕಂಟಿಕೊಂಡಂತೆ ಜೀವಿಸುವ ಈ ಹಕ್ಕಿ ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಪಿಟ್ಟ ಬ್ರಾಕಿಯೂರ ಎಂಬುದು ಅದರ ವೈಜ್ಞಾನಿಕ ನಾಮ. ಪಿಟ್ಟಿಡೆ ಕುಟುಂಬದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವುಗಳ ಪೈಕಿ ಬಹುಪಾಲು ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ವರ್ಷವಿಡೀ ಒಂದೇ ಕಡೆ ನೆಲೆಸಿರುತ್ತವೆ. ದೀರ್ಘ ವಲಸೆಯನ್ನು ರೂಢಿಸಿಕೊಂಡವು ಕೆಲವೇ ಕೆಲವು. ಅಂಥ ಕೆಲವರಲ್ಲಿ ನಮ್ಮ ನವರಂಗವೂ ಒಂದು. ಅದರ ರೂಪ, ವ್ಯಾಪ್ತಿ ಮತ್ತು ನಡವಳಿಕೆಗಳನ್ನು ಪರಿಚಯಿಸುವುದರೊಂದಿಗೆ, ಅದರ ಬದುಕು ಕಾಡಿನ ನೆಲದ ಸ್ಥಿತಿಯೊಡನೆ ಎಷ್ಟು ನಿಕಟವಾಗಿ ಬೆಸೆದಿದೆಯೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. 1766ರಲ್ಲಿ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹನ್ನೆರಡನೆಯ ಆವೃತ್ತಿಯಲ್ಲಿ ಈ ಹಕ್ಕಿಯನ್ನು ದಾಖಲಿಸಿದ ಲಿನೇಯಸ್, ಇದನ್ನು ಕಾಗೆಗಳ ಜಾತಿಗೆ ಸೇರಿಸಿ ಕಾರ್ವಸ್ ಬ್ರಾಕಿಯೂರಸ್ ಎಂದು ಕರೆದ. 'ಬ್ರಾಕಿಯೂರಸ್' ಎಂದರೆ ಗ್ರೀಕ್ ಮೂಲದಲ್ಲಿ 'ಮೋಟುಬಾಲದ್ದು' ಎಂದರ್ಥ. ಹಕ್ಕಿಯನ್ನು ಸ್ವತಃ ಅದರ ಕಾಡಿನಲ್ಲಿ ಕಾಣದೆ, ದೂರದಲ್ಲಿ ಕುಳಿತು ವರ್ಗೀಕರಿಸಿದ ಆ ಕಾಲದ ವಿದ್ವಾಂಸರಿಗೆ ಅದರ ಗಟ್ಟಿಮುಟ್ಟಾದ ಕೊಕ್ಕು ಕಾಗೆಯನ್ನು ನೆನಪಿಸಿದ್ದರೆ ಆಶ್ಚರ್ಯವಿಲ್ಲ. 1816ರಲ್ಲಿ ಫ್ರೆಂಚ್ ಪಕ್ಷಿವಿಜ್ಞಾನಿ ವಿಯೆಯೊ ಇವುಗಳಿಗೆ ಪ್ರತ್ಯೇಕ ಜಾತಿಯೊಂದನ್ನು ಕಲ್ಪಿಸಿ 'ಪಿಟ್ಟ' ಎಂದು ಹೆಸರಿಟ್ಟ. ತೆಲುಗಿನಲ್ಲಿ ಪಿಟ್ಟ ಎಂದರೆ ಯಾವುದೇ ಸಣ್ಣ ಹಕ್ಕಿ. ದ್ರಾವಿಡ ಭಾಷೆಯೊಂದರ ಮನೆಮಾತಿನ ಪದ ಹೀಗೆ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿರುವ ಕುಟುಂಬವೊಂದರ ಜಾಗತಿಕ ನಾಮವಾಯಿತು. ಭಾಷಾಭ್ಯಾಸಿಗಳೂ ಗಮನಿಸಬೇಕಾದ ಸಂಗತಿಯಿದು.

ಕನ್ನಡದ 'ನವರಂಗ' ಎಂಬ ಹೆಸರು ಮರಾಠಿ ಮತ್ತು ಗುಜರಾತಿಗಳಲ್ಲಿಯೂ ಇದೆ. ಹಿಂದಿಯಲ್ಲಿ ಅದು 'ನೌರಂಗ್'. ನಮ್ಮಲ್ಲಿ ಈ ಪದ ಹೊಯ್ಸಳ ದೇವಾಲಯಗಳ ಮಂಟಪವನ್ನೂ ಸೂಚಿಸುವುದರಿಂದ ಕೆಲವರಿಗೆ ಗೊಂದಲವಾಗುವುದುಂಟು. ಅಲ್ಲಿನ ನವರಂಗ ನಾಲ್ಕು ನಡುಗಂಬಗಳಿಂದ ಒಂಬತ್ತು ಅಂಕಣಗಳಾಗಿ ವಿಭಾಗಗೊಂಡ ಸ್ಥಳ. ಇಲ್ಲಿನ ರಂಗವೆಂದರೆ ಬಣ್ಣ. ತಮಿಳಿನಲ್ಲಿ ಇದಕ್ಕೆ 'ಆರುಮಣಿ ಕುರುವಿ', ಎಂದರೆ ಆರು ಗಂಟೆಯ ಹಕ್ಕಿ ಎಂಬ ಹೆಸರಿದೆ. ಮಲಯಾಳದ 'ಕಾವಿ' ಎಂಬ ಹೆಸರು ಅದರ ಎದೆಯ ಬಣ್ಣವನ್ನು ನೆನಪಿಸುವಂಥದ್ದು. ಸಿಂಹಳೀಯರು ಅದರ ಕೂಗನ್ನೇ ಹೆಸರಾಗಿಸಿ 'ಅವಿಚ್ಚಿಯಾ' ಎನ್ನುತ್ತಾರೆ. ತನ್ನ ಉಡುಪನ್ನು ನವಿಲು ಕದ್ದಿತೆಂದು ಈ ಹಕ್ಕಿ ದೂರುತ್ತಿದೆಯೆಂಬ ಜನಪದ ಕಥೆಯೊಂದು ಅಲ್ಲಿ ಪ್ರಚಲಿತವಾಗಿದೆ. ಒಂದೇ ಹಕ್ಕಿಯನ್ನು ಒಂದು ನಾಡು ಬಣ್ಣದಿಂದಲೂ ಇನ್ನೊಂದು ನಾಡು ಹೊತ್ತಿನಿಂದಲೂ ಮತ್ತೊಂದು ನಾಡು ದನಿಯಿಂದಲೂ ಗುರುತಿಸಿದೆ.

ನವರಂಗದ ಉದ್ದ ಸುಮಾರು 19 ಸೆಂ.ಮೀ.; ತೂಕ ಐವತ್ತರಿಂದ ಅರವತ್ತು ಗ್ರಾಂಗಳ ಆಸುಪಾಸು. ದುಂಡಗಿನ ಮೈ, ನೀಳವೂ ಬಲಿಷ್ಠವೂ ಆದ ಕಾಲುಗಳು, ದಪ್ಪನೆಯ ಕೊಕ್ಕು, ಇದೆಯೋ ಇಲ್ಲವೋ ಎಂಬಂಥ ಬಾಲ ಇವು ಅದರ ಆಕಾರದ ಮುಖ್ಯ ಲಕ್ಷಣಗಳು. ನೆತ್ತಿ ಮಾಸಲು ಗೋಧಿ ಬಣ್ಣದ್ದು. ಅದರ ನಡುವೆ ಕಪ್ಪು ಪಟ್ಟೆ. ಕಣ್ಣನ್ನು ಹಾಯ್ದು ಕತ್ತಿನ ಹಿಂಭಾಗದವರೆಗೆ ಅಗಲವಾದ ಇನ್ನೊಂದು ಕಪ್ಪು ಪಟ್ಟೆ. ಅದರ ಮೇಲಂಚಿನಲ್ಲಿ ತೆಳುವಾದ ಬಿಳಿಗೆರೆ. ಗಂಟಲು ಬಿಳಿ. ಬೆನ್ನು ಹಸಿರು. ಭುಜದ ಮೇಲೆ ಮತ್ತು ಬಾಲದ ಬುಡದಲ್ಲಿ ಹೊಳೆಯುವ ತಿಳಿನೀಲಿ. ಎದೆ ಮತ್ತು ಪಕ್ಕೆಗಳು ತಿಳಿಗಾವಿ, ಕೆಳಹೊಟ್ಟೆ ಮತ್ತು ಬಾಲದಡಿ ಕಡುಗೆಂಪು. ಹಾರುವಾಗ ಕಪ್ಪು ರೆಕ್ಕೆಗಳಲ್ಲಿ ದುಂಡಗಿನ ಬಿಳಿ ಮಚ್ಚೆ ಮಿಂಚಿ ಮರೆಯಾಗುತ್ತದೆ. ಹೀಗೆ ಎಣಿಸುತ್ತ ಹೋದರೆ ಏಳೆಂಟು ಬಣ್ಣಗಳು ಸಿಗುತ್ತವೆಯೇ ಹೊರತು ಒಂಬತ್ತನ್ನು ತುಂಬಿಸುವುದು ಕಷ್ಟ. 'ನವ' ಎಂಬುದನ್ನು ಇಲ್ಲಿ ಹಲವು ಎಂಬ ಅರ್ಥದಲ್ಲಿ ಗ್ರಹಿಸುವುದೇ ಲೇಸು. ಗಂಡು ಹೆಣ್ಣುಗಳಲ್ಲಿ ವರ್ಣಭೇದವಿಲ್ಲ. ಮರಿಗಳ ಬಣ್ಣ ಮಂಕು. ಇಷ್ಟು ವಿಸ್ತಾರವಾದ ವ್ಯಾಪ್ತಿಯಿದ್ದೂ ಇದರಲ್ಲಿ ಉಪಪ್ರಭೇದಗಳನ್ನು ಗುರುತಿಸಿಲ್ಲ.

ಗರಿಗಳ ನೀಲಿ ಬಣ್ಣ ವರ್ಣದ್ರವ್ಯದಿಂದ ಬಂದದ್ದಲ್ಲ. ಗರಿಯೊಳಗಿನ ಸೂಕ್ಷ್ಮರಚನೆ ಬೆಳಕನ್ನು ಚದುರಿಸುವುದರಿಂದ ಉಂಟಾಗುವಂಥದ್ದು. ಆದ್ದರಿಂದ ಬಿಸಿಲುಕೋಲೊಂದು ತಾಗಿದಾಗ ಭುಜದ ನೀಲಿ ದೀಪದಂತೆ ಹೊತ್ತಿಕೊಳ್ಳುತ್ತದೆ, ನೆರಳಿನಲ್ಲಿ ಆರಿಹೋಗುತ್ತದೆ. ಬೆನ್ನಿನ ಹಸಿರು ಮತ್ತು ಎದೆಯ ಕಾವಿ ಕಾಡಿನ ನೆಲದ ಎಲೆಬಣ್ಣಗಳೇ ಆಗಿರುವುದರಿಂದ, ಅಲುಗದೆ ನಿಂತ ನವರಂಗವನ್ನು ಹತ್ತು ಹೆಜ್ಜೆ ದೂರದಿಂದಲೂ ಗುರುತಿಸುವುದು ಸುಲಭವಲ್ಲ. ಕೆಂಪು ಭಾಗ ಹೊಟ್ಟೆಯಡಿ ಅಡಗಿರುತ್ತದೆ.

ನವರಂಗವನ್ನು ಹಾಡುಹಕ್ಕಿಯೆನ್ನಬಹುದೇ ಎಂಬ ಪ್ರಶ್ನೆ ಸ್ವಲ್ಪ ವಿಸ್ತಾರವಾದ ವಿವೇಚನೆಯನ್ನು ಬೇಡುತ್ತದೆ. ಲೋಕರೂಢಿಯಲ್ಲಿ ಇಂಪಾಗಿ ಕೂಗುವ ಯಾವ ಸಣ್ಣ ಹಕ್ಕಿಯೂ ಹಾಡುಹಕ್ಕಿಯೇ. ಪಕ್ಷಿವಿಜ್ಞಾನ ಮಾತ್ರ ಈ ಪದವನ್ನು ಬಿಗಿಯಾಗಿ ಬಳಸುತ್ತದೆ. ಕೊಂಬೆಯ ಮೇಲೆ ಕುಳಿತುಕೊಳ್ಳಲು ತಕ್ಕ ಪಾದಗಳುಳ್ಳ ಪ್ಯಾಸರಿಫಾರ್ಮಿಸ್ ಗಣದಲ್ಲಿ ಎರಡು ದೊಡ್ಡ ಉಪಗಣಗಳಿವೆ. ಮಡಿವಾಳ, ಪಿಕಳಾರ, ಗುಬ್ಬಿ, ಕಾಗೆ ಮುಂತಾದವು ಆಸೈನ್ ಉಪಗಣದವು. ಶಾಸ್ತ್ರದೃಷ್ಟಿಯಿಂದ ಇವೇ ಹಾಡುಹಕ್ಕಿಗಳು. ಇವುಗಳ ಧ್ವನ್ಯಂಗದ ಸ್ನಾಯುವ್ಯವಸ್ಥೆ ಜಟಿಲವಾಗಿದ್ದು, ಮರಿಗಳು ಹಿರಿಯರ ಹಾಡನ್ನು ಕೇಳಿ ಕಲಿಯುತ್ತವೆ. ಇನ್ನೊಂದು ಸಬ್ಆಸೈನ್ ಉಪಗಣ. ಇವುಗಳ ಧ್ವನ್ಯಂಗ ಸರಳ. ಕೂಗು ಬಹುಮಟ್ಟಿಗೆ ಜನ್ಮದತ್ತ, ಕಲಿತದ್ದಲ್ಲ. ದಕ್ಷಿಣ ಮತ್ತು ಮಧ್ಯ ಅಮೆರಿಕಗಳಲ್ಲಿ ಸಾವಿರಕ್ಕೂ ಮಿಕ್ಕಿದ ಪ್ರಭೇದಗಳಾಗಿ ಹಬ್ಬಿರುವ ಈ ಉಪಗಣ ಹಳೆಯ ಜಗತ್ತಿನಲ್ಲಿ ಪಿಟ್ಟಗಳು, ಅಗಲಬಾಯಿಯ ಬ್ರಾಡ್‌ಬಿಲ್‌ಗಳು ಮತ್ತು ಮಡಗಾಸ್ಕರಿನ ಕೆಲವು ಹಕ್ಕಿಗಳಿಗಷ್ಟೇ ಸೀಮಿತ. ಬ್ರಾಡ್‌ಬಿಲ್‌ಗಳು ನಮ್ಮ ದೇಶದಲ್ಲಿ ಹಿಮಾಲಯ ಮತ್ತು ಈಶಾನ್ಯದ ಕಾಡುಗಳಿಂದಾಚೆಗೆ ಬಂದಿಲ್ಲ. ಇನ್ನಿತರ ಪಿಟ್ಟಗಳಲ್ಲಿ ಕೆಲವು ಈಶಾನ್ಯದಲ್ಲಿವೆ. ಮ್ಯಾಂಗ್ರೋವ್ ಪಿಟ್ಟ ಸುಂದರಬನ ಮತ್ತು ಒಡಿಶಾದ ಭಿತರ್‌ಕನಿಕಾದ ಕಾಂಡ್ಲಕಾಡುಗಳಲ್ಲಿದೆ. ಹೀಗಾಗಿ ಕರ್ನಾಟಕದ ನೂರಾರು ಪಕ್ಷಿಪ್ರಭೇದಗಳ ನಡುವೆ ಈ ಪ್ರಾಚೀನ ಶಾಖೆಯನ್ನು ಪ್ರತಿನಿಧಿಸುವುದು ನವರಂಗವೊಂದೇ. ನಮ್ಮ ಕಾಡಿನಲ್ಲಿ ಕಾಗೆ ಹಾಡುಹಕ್ಕಿ, ನವರಂಗ ಅಲ್ಲ ಎಂಬ ಮಾತು ಕೇಳುವವರಿಗೆ ವಿನೋದವೆನಿಸಿದರೂ ವರ್ಗೀಕರಣದ ದೃಷ್ಟಿಯಿಂದ ಅದು ನಿಜ. ಕಿವಿಗೆ ಹಿತವಾದುದನ್ನು ಹಾಡೆನ್ನುವ ನಮ್ಮ ರೂಢಿಯನ್ನು ಇದಕ್ಕಾಗಿ ಬಿಡಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು: ಗುರುವಿಲ್ಲದ ಹಾಡಿದು.

ಆ ಹಾಡಾದರೂ ಎರಡು ಸ್ವರಗಳದ್ದು. ಮೊದಲನೆಯದು ಏರುದನಿಯ ಸಿಳ್ಳು, ಎರಡನೆಯದು ಇಳಿದನಿ. ಕೆಲವೊಮ್ಮೆ ಮೊದಲಿಗೆ ಸಣ್ಣದೊಂದು ಸ್ವರ ಸೇರಿ ಮೂರಾಗುವುದುಂಟು. ತಲೆಯನ್ನು ಹಿಂದಕ್ಕೆ ಚಾಚಿ, ಕೊಕ್ಕನ್ನು ಮೇಲಕ್ಕೆತ್ತಿ ಹಕ್ಕಿ ಕೂಗುತ್ತದೆ. ಚಳಿಗಾಲದ ನೆಲೆಗಳಲ್ಲಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಒಂದೆರಡು ಬಾರಿ ಮಾತ್ರ ಕೂಗಿ ಸುಮ್ಮನಾಗುವುದು ವಾಡಿಕೆ. ಒಂದು ಕೂಗಿದೊಡನೆ ನೆರೆಯ ಪೊದೆಗಳಿಂದ ಇನ್ನೆರಡು ಮೂರು ಉತ್ತರಿಸುತ್ತವೆ. ತಮಿಳರ 'ಆರು ಗಂಟೆಯ ಹಕ್ಕಿ' ಹುಟ್ಟಿದ್ದು ಈ ನಿಯತವಾದ ಅಭ್ಯಾಸದಿಂದ. ಮರಿ ಮಾಡುವ ಕಾಲದಲ್ಲಾದರೋ ಹಗಲೆಲ್ಲ ಕೂಗು ಕೇಳಿಬರುತ್ತದೆ. ನೆಲದ ಹಕ್ಕಿ ಆಗ ಮರವೇರಿ ಕೊಂಬೆಯಿಂದ ಕೂಗುವುದೂ ಉಂಟು. ಹಕ್ಕಿಗಣತಿಯಲ್ಲಿ ತೊಡಗಿದವರು ಈ ವ್ಯತ್ಯಾಸವನ್ನು ಅಗತ್ಯವಾಗಿ ಗಮನಿಸಬೇಕು. ಡಿಸೆಂಬರಿನ ಮಧ್ಯಾಹ್ನದಲ್ಲಿ ಕಾಡು ಸುತ್ತಿ ನವರಂಗವಿಲ್ಲವೆಂದು ಬರೆದುಕೊಳ್ಳುವವರು ಅಂದಿನ ಸಂಜೆಯ ಅರೆಗಳಿಗೆಯನ್ನು ಅಲ್ಲಿಯೇ ಕಳೆದಿದ್ದರೆ ಅವರ ಪಟ್ಟಿ ಬೇರೆಯೇ ಆಗಬಹುದು.

ನೆಲದ ಮೇಲೆ ನವರಂಗ ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಲ್ಲುವುದು, ಮೋಟುಬಾಲವನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸುವುದು, ತರಗೆಲೆಯನ್ನು ಕೊಕ್ಕಿನಿಂದ ಪಕ್ಕಕ್ಕೆಸೆದು ಅಡಿಯಲ್ಲಿದ್ದ ಹುಳುವನ್ನು ಹೆಕ್ಕುವುದು ಅದರ ದಿನಚರಿ. ಕೀಟಗಳು, ಅವುಗಳ ಮರಿಹುಳುಗಳು ಮತ್ತು ಎರೆಹುಳುಗಳು ಮುಖ್ಯ ಆಹಾರ. ಬೆದರಿದಾಗ ದೂರ ಹಾರದೆ ಹತ್ತಿರದ ತಗ್ಗುಕೊಂಬೆಗೆ ಏರಿ ನಿಶ್ಚಲವಾಗಿ ಕೂರುತ್ತದೆ. ರಾತ್ರಿ ತಂಗುವುದೂ ಮರದಲ್ಲಿಯೇ. ಎಲೆಯಡಿ ಕಾಣದಿರುವ ಎರೆಹುಳುವನ್ನು ಅದು ಹೇಗೆ ಪತ್ತೆಮಾಡುತ್ತದೆ? ಹಕ್ಕಿಗಳಿಗೆ, ಅದರಲ್ಲಿಯೂ ಸಣ್ಣ ಹಕ್ಕಿಗಳಿಗೆ, ವಾಸನೆಯ ಅರಿವು ಅತ್ಯಲ್ಪವೆಂದು ಬಹುಕಾಲ ನಂಬಲಾಗಿತ್ತು. ಪ್ಯಾಸರಿಫಾರ್ಮಿಸ್ ಗಣದ 25 ಪ್ರಭೇದಗಳ ಮೆದುಳುಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಘ್ರಾಣಕ್ಕೆ ಸಂಬಂಧಿಸಿದ ಭಾಗ ನವರಂಗದಲ್ಲಿಯೇ ಅತಿ ದೊಡ್ಡದಾಗಿ ಕಂಡುಬಂದಿತು. ಒದ್ದೆ ಎಲೆಗಳ ಅಡಿಯ ಬೇಟೆಗೆ ಮೂಗೂ ನೆರವಾಗುತ್ತಿರಬಹುದೆಂಬ ಊಹೆಗೆ ಇದು ಸಾಕಷ್ಟು ಬಲ ಕೊಡುತ್ತದೆ.

ವ್ಯಾಪ್ತಿಯ ವಿಚಾರಕ್ಕೆ ಬಂದರೆ, ನವರಂಗ ಮರಿ ಮಾಡುವ ಪ್ರದೇಶ ಪಶ್ಚಿಮದಲ್ಲಿ ಪಾಕಿಸ್ತಾನದ ಮಾರ್ಗಲ ಬೆಟ್ಟಗಳಿಂದ ಹಿಮಾಲಯದ ತಪ್ಪಲಿನುದ್ದಕ್ಕೂ ನೇಪಾಳದವರೆಗೆ ಹಬ್ಬಿದೆ. ಮಧ್ಯಭಾರತದ ಗುಡ್ಡಗಾಡುಗಳಲ್ಲಿಯೂ ಗುಜರಾತಿನ ಗಿರ್ ಅರಣ್ಯದಲ್ಲಿಯೂ ಪಶ್ಚಿಮಘಟ್ಟಗಳಲ್ಲಿ ದಕ್ಷಿಣಕ್ಕೆ ಕರ್ನಾಟಕದವರೆಗೂ ಅದು ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾ ಅದರ ನೆಲೆ. ಆದ್ದರಿಂದ ಕರ್ನಾಟಕದಲ್ಲಿ ಅದರ ಸ್ಥಾನ ಒಂದೇ ಬಗೆಯದಲ್ಲ. ಘಟ್ಟದ ಕಾಡುಗಳಲ್ಲಿ ಅದು ಮರಿ ಮಾಡುವ ಹಕ್ಕಿ. ನಂದಿಬೆಟ್ಟದಂಥ ಕಡೆ ಚಳಿಗಾಲದ ಅತಿಥಿ. ಬಯಲುಸೀಮೆಯ ಬಹುಭಾಗದಲ್ಲಿ ವಸಂತ ಮತ್ತು ಶರತ್ತುಗಳಲ್ಲಿ ಹಾದುಹೋಗುವ ದಾರಿಹೋಕ. ಜಿಲ್ಲಾವಾರು ಪಕ್ಷಿಪಟ್ಟಿಗಳಲ್ಲಿ ಇದನ್ನು ಸುಮ್ಮನೆ 'ವಲಸೆ' ಎಂಬ ಒಂದು ಪದದಿಂದ ನಿವಾರಿಸಿಬಿಡುವುದು ಸಮರ್ಪಕವಲ್ಲ.

ವಲಸೆ ರಾತ್ರಿಯ ಹೊತ್ತು ನಡೆಯುತ್ತದೆ. ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದ ಹಿಮಾಲಯದ ತಪ್ಪಲಿನಿಂದ 7 ಡಿಗ್ರಿಯ ಶ್ರೀಲಂಕಾವರೆಗೆ ನೇರ ಅಂತರ 2,500 ಕಿ.ಮೀ.ಗಳಷ್ಟು. ನೆಲದಲ್ಲಿ ಕುಪ್ಪಳಿಸುತ್ತ, ಬೆದರಿದರೂ ಹತ್ತು ಮಾರು ಹಾರದ ಹಕ್ಕಿಯೊಂದು ಇಂಥ ದೂರವನ್ನು ಕ್ರಮಿಸಿ, ಕೊನೆಗೆ ಸಮುದ್ರವನ್ನೂ ದಾಟುವುದೆಂದರೆ ನಂಬುವುದು ಕಷ್ಟ. ದೇಹರಚನೆಯಲ್ಲಿ ಅದಕ್ಕೊಂದು ಸುಳಿವಿದೆ. ನೆಲೆಸಿಗ ಪಿಟ್ಟಗಳ ರೆಕ್ಕೆ ಗಿಡ್ಡವೂ ದುಂಡಗೂ ಇದ್ದರೆ, ವಲಸೆಗಾರ ಪಿಟ್ಟಗಳ ರೆಕ್ಕೆ ತುದಿಯಲ್ಲಿ ಚೂಪಾಗಿದೆ.

ಈ ವಲಸೆಯನ್ನು ಮುಂಗಾರಿನಿಂದ ಬೇರ್ಪಡಿಸಿ ನೋಡಲಾಗದು. ಗುಜರಾತು ಮತ್ತು ಮಧ್ಯಭಾರತದ ಒಣ ಎಲೆಯುದುರುವ ಕಾಡುಗಳಲ್ಲಿ ನವರಂಗ ಮೇ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ; ಜೂನ್‌ನಿಂದ ಆಗಸ್ಟ್‌ವರೆಗೆ ಮರಿ ಮಾಡುತ್ತದೆ. ನವರಂಗದ ಕೂಗು ಕೇಳಿದರೆ ಮಳೆ ಸಮೀಪಿಸಿತೆಂಬ ತಿಳಿವಳಿಕೆಗೆ ಇದೇ ಆಧಾರ. ಮಳೆಯೇ ಹಕ್ಕಿಯನ್ನು ಕರೆತರುತ್ತದೆಂದು ಹೇಳುವುದು ಮಾತ್ರ ಸರಿಯಲ್ಲ. ಮುಂಗಾರು ಕೇರಳದ ಕರಾವಳಿಯನ್ನು ಮುಟ್ಟುವುದು ಜೂನ್ 1ರ ಆಸುಪಾಸಿನಲ್ಲಿ. ಮಧ್ಯಭಾರತವನ್ನು ತಲುಪಲು ಅದಕ್ಕೆ ಇನ್ನೂ ಎರಡು ವಾರ ಬೇಕು. ಹಕ್ಕಿ ಅದಕ್ಕಿಂತ ಮೊದಲೇ ಅಲ್ಲಿರುತ್ತದೆ. ವಲಸೆಯ ಹಕ್ಕಿಗಳಲ್ಲಿ ಪ್ರಯಾಣದ ಹವಣಿಕೆಯನ್ನು ಹಗಲಿನ ಉದ್ದದಲ್ಲಾಗುವ ಬದಲಾವಣೆ ಮತ್ತು ದೇಹದೊಳಗಿನ ಕಾಲಗಣನೆ ನಿರ್ಧರಿಸುತ್ತವೆ. ಆದ್ದರಿಂದ ನವರಂಗ ಮಳೆಯನ್ನು ಹಿಂಬಾಲಿಸುವುದಿಲ್ಲ, ಮಳೆಗೆ ಮುಂಚಿತವಾಗಿ ಹೋಗಿ ಕಾಯುತ್ತದೆ. ಒಣಗಿ ಗರಿಗರಿಯಾದ ಎಲೆಯ ಹಾಸಿನಲ್ಲಿ ಆಗ ಅದಕ್ಕೆ ಸಿಗುವುದು ಕಡಿಮೆ. ಮೊದಲ ಮಳೆಗಳು ಬಿದ್ದು ನೆಲ ನೆನೆದಾಗ ಆಳಕ್ಕಿಳಿದಿದ್ದ ಎರೆಹುಳುಗಳು ಮೇಲೇರುತ್ತವೆ, ಕೀಟಗಳು ಹೆಚ್ಚುತ್ತವೆ; ಅಷ್ಟರಲ್ಲಿ ಗೂಡು ಸಿದ್ಧವಿರುತ್ತದೆ. ಸೆಪ್ಟೆಂಬರಿನಲ್ಲಿ ಮುಂಗಾರು ವಾಯವ್ಯದಿಂದ ಹಿಂಜರಿಯತೊಡಗಿದಾಗ ಹಕ್ಕಿಯೂ ದಕ್ಷಿಣಕ್ಕೆ ಹೊರಡುತ್ತದೆ. ಅದು ತಲುಪುವ ತಮಿಳುನಾಡು, ಶ್ರೀಲಂಕಾಗಳಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರಿನ ಮಳೆ. ಎರಡು ಮಳೆಗಾಲಗಳ ನಡುವೆ ಓಡಾಡುತ್ತ ವರ್ಷದ ಬಹುಭಾಗ ತೇವವಾದ ಎಲೆಹಾಸನ್ನು ದಕ್ಕಿಸಿಕೊಳ್ಳುವ ಏರ್ಪಾಡೇ ಈ ವಲಸೆಯ ತಿರುಳೆಂದು ತೋರುತ್ತದೆ. ಮುಂಗಾರಿನ ಆಗಮನ ಏರುಪೇರಾದ ವರ್ಷಗಳಲ್ಲಿ ಮೊದಲೇ ಬಂದು ಕಾಯುವ ಹಕ್ಕಿಗೆ ಈ ಏರ್ಪಾಡು ದುಬಾರಿಯೂ ಆಗಬಲ್ಲುದು.

ಗೂಡು ದೊಡ್ಡ ಚೆಂಡಿನ ಆಕಾರದ್ದು. ಒಣಹುಲ್ಲು, ಕಡ್ಡಿ ಮತ್ತು ತರಗೆಲೆಗಳಿಂದ ಕಟ್ಟಿದ ಅದಕ್ಕೆ ಪಕ್ಕದಲ್ಲಿ ದುಂಡಗಿನ ಬಾಗಿಲು. ನೆಲದ ಮೇಲೋ ಪೊದೆಯೊಳಗೋ ಮರದ ತಗ್ಗುಕವಲಿನಲ್ಲೋ ಅದು ಇರುತ್ತದೆ. ದೂರದಿಂದ ನೋಡಿದವರಿಗೆ ಗಾಳಿ ತಂದು ಒಟ್ಟಿದ ಕಸದ ಗುಪ್ಪೆಯಂತೆ ಕಾಣುತ್ತದೆ. ನಾಲ್ಕೈದು ಮೊಟ್ಟೆಗಳು, ಹೊಳಪುಳ್ಳ ಬಿಳಿ ಚಿಪ್ಪಿನ ಮೇಲೆ ನೇರಳೆ ಮತ್ತು ಕಡುಗೆಂಪು ಚುಕ್ಕೆಗಳು. ಕಾವು ಕೊಡುವುದರಲ್ಲಿ ಗಂಡು ಹೆಣ್ಣುಗಳೆರಡೂ ಪಾಲ್ಗೊಳ್ಳುತ್ತವೆ.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ನವರಂಗ ಅಳಿವಿನ ಭೀತಿಯಿಲ್ಲದ ಪ್ರಭೇದವಾಗಿ ದಾಖಲಾಗಿದೆ. ವ್ಯಾಪ್ತಿ ವಿಶಾಲವಾಗಿರುವುದರಿಂದ ಈ ನಿರ್ಣಯ ತಪ್ಪೆನ್ನಲಾಗದು. ಆದರೆ ಕಾಡಿನ ಒಂದು ನಿರ್ದಿಷ್ಟ ಅಂತಸ್ತಿಗೆ ಅಂಟಿಕೊಂಡ ಹಕ್ಕಿಯ ಹಣೆಬರಹವನ್ನು ನಕಾಶೆಯ ಮೇಲಿನ ಹಸಿರು ಬಣ್ಣದಿಂದ ಅಳೆಯಲು ಬರುವುದಿಲ್ಲ. ಮೇಲೆ ಮರಗಳಿದ್ದೂ ಕೆಳಗೆ ಪೊದೆಗಳಿಲ್ಲದ, ಎಲೆ ಗುಡಿಸಿ ಸುಟ್ಟ ತೋಪುಗಳು ಉಪಗ್ರಹಕ್ಕೆ ಕಾಡಾಗಿ ಕಂಡರೂ ನವರಂಗಕ್ಕೆ ಬರಿನೆಲವೇ. ನಮ್ಮ ನಗರೋದ್ಯಾನಗಳಲ್ಲಿ ಸ್ವಚ್ಛತೆಯ ಹೆಸರಿನಲ್ಲಿ ಪ್ರತಿದಿನ ನಡೆಯುವುದು ಇದೇ. ಬೇಸಿಗೆಯಲ್ಲಿ ಕಾಡಿಗೆ ಬೀಳುವ ನೆಲಬೆಂಕಿ ಹಕ್ಕಿ ಬರುವ ಮೊದಲೇ ಅದರ ಊಟದ ಹಾಸನ್ನು ಸುಟ್ಟುಬಿಡುತ್ತದೆ.

ರಾತ್ರಿವಲಸೆಯ ಅಪಾಯಗಳು ಬೇರೆ. ಬೆಳಕಿಗೆ ದಿಕ್ಕುತಪ್ಪಿದ, ಆಯಾಸಗೊಂಡ ನವರಂಗಗಳು ಪಟ್ಟಣಗಳಲ್ಲಿ ಮನೆಯೊಳಗೆ ಬಂದುಬೀಳುವುದು ಹಿಂದಿನಿಂದಲೂ ವರದಿಯಾಗಿರುವ ಸಂಗತಿ. ಗಾಜಿನ ಹೊರಮೈಯ ಕಟ್ಟಡಗಳು ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ. ನೆಲಕ್ಕೆ ಬಿದ್ದ ಹಕ್ಕಿಗೆ ಬೆಕ್ಕು, ಕಾಗೆಗಳ ಕಾಟ. ಅಂಥ ಹಕ್ಕಿ ಸಿಕ್ಕಾಗ ಬಾಯಿಗೆ ನೀರು ಹನಿಸುವುದು ಸಾಮಾನ್ಯವಾದರೂ ಅದು ಶ್ವಾಸನಾಳಕ್ಕಿಳಿದು ಹಕ್ಕಿ ಸಾಯುವ ಸಂಭವವುಂಟು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ, ಸದ್ದಿಲ್ಲದೆ ಕೆಲವು ಗಂಟೆ ಬಿಟ್ಟು, ಚೇತರಿಸಿಕೊಂಡರೆ ಸಂಜೆ ಪೊದೆಗಳಿರುವೆಡೆ ಬಿಡುವುದು ಯೋಗ್ಯ. ಗಾಯವಾಗಿದ್ದರೆ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ಒಪ್ಪಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಸಾಕಿಕೊಳ್ಳುವಂತಿಲ್ಲ. ಸಿಕ್ಕ ದಿನಾಂಕ, ಸ್ಥಳ, ಗಂಟೆಗಳನ್ನು ಬರೆದಿಡುವುದೂ ಅಷ್ಟೇ ಮುಖ್ಯ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಶ್ರಯದಲ್ಲಿ 2007ರಲ್ಲಿ ಆರಂಭವಾದ 'ಮೈಗ್ರೆಂಟ್‌ವಾಚ್' ಯೋಜನೆ, ಜನಸಾಮಾನ್ಯರು ಕಳುಹಿಸಿದ ಮೊದಲ ನೋಟ, ಕೊನೆಯ ನೋಟಗಳ ದಿನಾಂಕಗಳಿಂದಲೇ ವಲಸೆಯ ಚಿತ್ರವನ್ನು ಕಟ್ಟಬಹುದೆಂದು ತೋರಿಸಿಕೊಟ್ಟಿತು. ಈಗ ಇಂಥ ದಾಖಲೆಗಳು 'ಇ-ಬರ್ಡ್' ಕೋಶದಲ್ಲಿ ಸೇರುತ್ತಿವೆ.

ಕರ್ನಾಟಕದ ಸಂಶೋಧಕರ ಕೈಗೆಟಕುವಂತೆ ಇರುವ ಒಂದು ಕ್ಷೇತ್ರವನ್ನು ಇಲ್ಲಿ ಹೆಸರಿಸಬಹುದು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟಗಳಿಂದ ತೋಟಿಗರು ಹಸಿಸೊಪ್ಪನ್ನೂ ದರಕನ್ನೂ ತರುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ದರಕು ಗುಡಿಸುವುದು ಎಲೆಯುದುರುವ ಬೇಸಿಗೆಯಲ್ಲಿ. ನವರಂಗ ಗೂಡು ಕಟ್ಟುವುದು ಅನಂತರದ ಮಳೆಯಲ್ಲಿ. ಈ ಪದ್ಧತಿಯನ್ನು ಹಕ್ಕಿಯ ಶತ್ರುವೆಂದು ಏಕಾಏಕಿ ತೀರ್ಮಾನಿಸುವುದು ಅನ್ಯಾಯ. ಅದೇ ಬೆಟ್ಟಗಳು ತೋಟದ ಅಗತ್ಯಕ್ಕಾಗಿಯೇ ಮರಗಳನ್ನು ಉಳಿಸಿಕೊಂಡಿವೆ, ಮತ್ತು ಬೆಟ್ಟದಿಂದ ಬಂದ ದರಕು ತೋಟದ ನೆಲದಲ್ಲಿ ತೇವವಾದ ಇನ್ನೊಂದು ಹಾಸಾಗಿ ಎರೆಹುಳುಗಳನ್ನು ಪೋಷಿಸುತ್ತದೆ. ಗುಡಿಸಿದ ಬೆಟ್ಟ, ಗುಡಿಸದೆ ಬಿಟ್ಟ ಬೆಟ್ಟ, ಪಕ್ಕದ ಕಾಯ್ದಿಟ್ಟ ಅರಣ್ಯ ಮತ್ತು ತೋಟ ಈ ನಾಲ್ಕರಲ್ಲಿಯೂ ಮೇ ಕೊನೆಯಿಂದ ಜುಲೈವರೆಗೆ ನಸುಕಿನ ಕೂಗುಗಳನ್ನು ಎಣಿಸಿ, ಆಯಾ ಜಾಗದ ಎಲೆಹಾಸಿನ ದಪ್ಪವನ್ನು ಅದರೊಡನೆ ಹೋಲಿಸಿದರೆ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಎರಡು ಸ್ವರಗಳ ಕೂಗನ್ನು ಗುರುತಿಸಲು ವಿಶೇಷ ತರಬೇತಿ ಬೇಡ. ಎಲೆಹಾಸನ್ನು ಅಳೆಯಲು ಒಂದು ಅಡಿಕೋಲು ಸಾಕು.